ದೋನ್ ಅಬ್ದೋನರ ಎದೆಯೊಳಗಿನ ಹೊಸ ಚರ್ಮ

ಎದುವಿಹೆಸ್ ಹೆದರದ ವಸ್ತು ನಮ್ಮ ಸಿಗ್ಸಿಗ್ ಎಂಬ ಬೆಟ್ಟದ ಊರಿನಲ್ಲಿ ಒಂದೇ ಒಂದಿತ್ತು. ಅದು ಅವಳ ಗಂಡನ ಗಂಧಕದ ಪೆಟ್ಟಿಗೆ. ಉಳಿದದ್ದಕ್ಕೆಲ್ಲ ಹೆದರುತ್ತಿದ್ದಳು. ಆಕಾಶದಲ್ಲಿ ಕಾಮನಬಿಲ್ಲು ಮೂಡಿದರೆ ಸಾಕು, ಹಗ್ಗದ ಮೇಲಿನ ಒದ್ದೆ ಬಟ್ಟೆಗಳನ್ನು ಬಾಚಿಕೊಂಡು ಒಳಗೆ ಓಡುತ್ತಿದ್ದಳು. ಬಿಲ್ಲಿನ ಕಾಲು ಬಟ್ಟೆಯ ಮೇಲೆ ಬಿದ್ದರೆ ಉಟ್ಟವರ ಮೈಗೆ ಹುಣ್ಣು ಖಂಡಿತ. ಗೂಬೆಗೆ ಹೆದರುತ್ತಿದ್ದಳು, ಬಿಸಿಬಿಸಿ ಮೈಗೆ ಬೀಸುವ ತಣ್ಣನೆಯ ಗಾಳಿಗೆ ಹೆದರುತ್ತಿದ್ದಳು, ಕ್ವೆಂಕಾ ಪಟ್ಟಣಕ್ಕೆ ಹೋಗುವ ಬಸ್ಸಿಗೂ ಅದರ ಡ್ರೈವರಿಗೂ ಬೇರೆಬೇರೆಯಾಗಿ ಹೆದರುತ್ತಿದ್ದಳು. ನಮ್ಮೂರ ಹೆಂಗಸರೆಲ್ಲ ನಡೆಯುತ್ತ, ಮಾತಾಡುತ್ತ, ಜಗಳವಾಡುತ್ತಲೂ ಹುಲ್ಲಿನ ಟೋಪಿ ಹೆಣೆಯುವವರೇ. ಎದುವಿಹೆಸಳಿಗೆ ಮಾತ್ರ ಹೆದರಿಕೆಯಾದಾಗ ಬೆರಳು ಇನ್ನೂ ಬೇಗ ಓಡುತ್ತಿದ್ದವು. ಆದ್ದರಿಂದ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಟೋಪಿ ಮುಗಿಸುವವಳು ಅವಳೇ ಆಗಿದ್ದಳು.

ಗಂಡ ಅಬ್ದೋನ್ ಝುನ್ಯೊ, ಊರವರು ಮರ್ಯಾದೆಗೆ ‘ದೋನ್’ ಸೇರಿಸಿ ಕರೆಯುವ ದೋನ್ ಅಬ್ದೋನ್, ಟೋಪಿಗಳಿಗೆ ಹೊಗೆ ಕೊಡುವವರು. ಹೆಣೆದು ಮುಗಿದಾಗ ಹುಲ್ಲಿನ ಟೋಪಿಗೆ ಹಳೆಯ ಹಲ್ಲಿನ ಬಣ್ಣವಿರುತ್ತದೆ. ಅದನ್ನು ತೊಳೆದು, ಹಿತ್ತಲ ಕೊಠಡಿಯಲ್ಲಿರುವ ಆಳೆತ್ತರದ ಮರದ ಪೆಟ್ಟಿಗೆಯೊಳಗೆ ತೂಗುಹಾಕಿ, ಕೆಳಗೆ ಕೆಂಡದ ಮೇಲೆ ಗಂಧಕ ಉದುರಿಸಿ ಬಾಗಿಲು ಮುಚ್ಚಿದರೆ ಹಾಲಿನಂತೆ ಬೆಳ್ಳಗಾಗುತ್ತದೆ. ಕೆಲಸ ಇಷ್ಟೇ. ಆದರೆ ಅದನ್ನು ಇಷ್ಟಕ್ಕೇ ಬಿಟ್ಟರೆ ದೋನ್ ಅಬ್ದೋನರ ಹಿರಿಮೆ ಎಲ್ಲಿ ಉಳಿಯಿತು? ಹೊಗೆ ಎಲ್ಲ ಟೋಪಿಗೂ ಸಮನಾಗಿ ತಾಗಬೇಕಾದರೆ ನಡುವೆ ಒಮ್ಮೆ ಅವನ್ನು ತಿರುಗಿಸಬೇಕು. ಬೇರೆಯವರು ಬಾಗಿಲು ತೆರೆದು, ದೂರ ನಿಂತು, ಹೊಗೆ ಹೋಗಲೆಂದು ಕಾಯುತ್ತಾರೆ. ಇವರು ಉಸಿರು ಬಿಗಿಹಿಡಿದು, ಶಿಲುಬೆಯ ಗುರುತು ಮಾಡಿಕೊಂಡು, ಕಣ್ಣು ಮುಚ್ಚಿ ಒಳಗೆ ನುಗ್ಗುತ್ತಿದ್ದರು. ಮನಸ್ಸಿನಲ್ಲಿ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿ ಮುಗಿಸುವಷ್ಟರಲ್ಲಿ ಟೋಪಿಗಳನ್ನೆಲ್ಲ ತಿರುಗಿಸಿ ಹೊರಗೆ ಬಂದಿರುತ್ತಿದ್ದರು. ಬಂದವರೇ ಮೀಸೆ ಒರೆಸಿಕೊಂಡು, ನೋಡುತ್ತಿದ್ದವರಿಗೆ ಒಂದು ಉಪನ್ಯಾಸ.

“ಗಂಧಕ ಹತ್ತಿ ಹತ್ತಿ ನನ್ನೆದೆ ಒಳಗೆಲ್ಲ ಪಿಂಗಾಣಿ ಆಗ್ಬಿಟ್ಟಿದೆ ಕಣ್ರಯ್ಯಾ. ಕ್ಷಯ ಬಂದ್ರೂ ಜಾರಿ ಬಿದ್ದು ಹೋಗುತ್ತೆ.”

ಹೆಂಡತಿ ಇದನ್ನು ಕೇಳಿ ಕೇಳಿ ನಂಬಿಬಿಟ್ಟಿದ್ದಳು. ಅದಕ್ಕೇ ಆ ಪೆಟ್ಟಿಗೆಯ ಭಯವಿರಲಿಲ್ಲ.

ಚರ್ಚಿನ ಕಾರ್ಪಸ್ ಹಬ್ಬ ಹತ್ತಿರ ಬಂದಿತ್ತು. ಊರಿನ ಪುರಸಭೆಯ ಅಧ್ಯಕ್ಷ ದೋನ್ ವಿಲ್ಫ್ರಿದೊ ಮೆರವಣಿಗೆಯಲ್ಲಿ ತೊಡಲು ಹೊಸ ಟೋಪಿ ಮಾಡಿಸಿದ್ದರು. ಅದು ಎಷ್ಟು ಬೆಳ್ಳಗಾಗಿದೆ ಎಂದು ನೋಡಲು ತಾವೇ ಬಂದು ಹಿತ್ತಲ ಬಾಗಿಲಲ್ಲಿ ನಿಂತರು. ಅಧ್ಯಕ್ಷರು ಎಲ್ಲಿಗೆ ಹೋದರೂ ತಾವು ಬಂದಿರುವುದನ್ನು ಮೊದಲು ತಾವೇ ಘೋಷಿಸುತ್ತಿದ್ದರು.

“ನಮಸ್ಕಾರ ದೋನ್ ಅಬ್ದೋನ್! ಮನೇಲೆಲ್ಲ ಕ್ಷೇಮವಾ?”

ಆ ಹೊತ್ತಿಗೆ ದೋನ್ ಅಬ್ದೋನರು ಪೆಟ್ಟಿಗೆಯೊಳಗೆ ಹೊಗೆಯ ನಡುವೆ, ಪ್ರಾರ್ಥನೆಯ ಅರ್ಧದಲ್ಲಿ, ಬಿಗಿಹಿಡಿದ ಉಸಿರಿನಲ್ಲಿದ್ದರು. ಬೇರೆ ಊರಿನವನಾಗಿದ್ದರೆ ಸುಮ್ಮನಿರುತ್ತಿದ್ದ. ನಮ್ಮಲ್ಲಿ ನಮಸ್ಕಾರಕ್ಕೆ ಉತ್ತರ ಕೊಡದಿದ್ದರೆ ಅದನ್ನು ಮೊಮ್ಮಕ್ಕಳ ಕಾಲಕ್ಕೂ ನೆನಪಿಟ್ಟುಕೊಳ್ಳುತ್ತಾರೆ. ಅದರಲ್ಲೂ ಕೇಳಿದವರು ಅಧ್ಯಕ್ಷರು. ಚುಟುಕಾಗಿ “ಹೂಂ” ಎಂದಿದ್ದರೂ ಆಗುತ್ತಿತ್ತು. ದೋನ್ ಅಬ್ದೋನರು ಒಳಗಿಂದಲೇ ಪೂರ್ತಿ ಮರ್ಯಾದೆಯಿಂದ ಉತ್ತರಿಸಿದರು.

“ನಮಸ್ಕಾರ ಅಧ್ಯಕ್ಷರೇ, ದೇವರ ದಯೆ, ತಮ್ಮ ಆಶೀರ್ವಾದ, ಬರಬೇಕು, ಕೂರಬೇಕು, ಬಡವನ ಮನೆ ತಮ್ಮದೇ...”

ಇಷ್ಟು ಹೇಳಿದ ಮೇಲೆ ಯಾವ ಮನುಷ್ಯನಾದರೂ ಉಸಿರು ಎಳೆದುಕೊಳ್ಳಲೇಬೇಕು. ಎಳೆದುಕೊಂಡರು.

ಮೊದಲು ಒಂದು ಟೋಪಿ ಉರುಳಿಕೊಂಡು ಹೊರಗೆ ಬಂತು, ಅದರ ಹಿಂದೆ ಅವರು ಮೊಣಕಾಲೂರಿಕೊಂಡು ಬಂದರು. ಕಣ್ಣಿನಿಂದಲೂ ಮೂಗಿನಿಂದಲೂ ನೀರು. ಬಾಯಿ ತೆರೆದಿತ್ತು, ಆದರೆ ಅದರಿಂದ ಬರುತ್ತಿದ್ದ ಶಬ್ದ ಮನುಷ್ಯನದಾಗಿರಲಿಲ್ಲ. ತುಕ್ಕು ಹಿಡಿದ ಪಂಪಿನ ಶಬ್ದ. ಅಧ್ಯಕ್ಷರು ಗಾಬರಿಯಲ್ಲಿ ತಾವೇ ಒಂದು ಭಾಷಣಕ್ಕೆ ಶುರುಮಾಡಿದರು. ಎದುವಿಹೆಸ್ ಅಡುಗೆಮನೆಯಿಂದ ಓಡಿಬಂದವಳು ಕಿರುಚಲಿಲ್ಲ. ಎಷ್ಟೋ ವರ್ಷಗಳಿಂದ ಸಣ್ಣಸಣ್ಣದಕ್ಕೆಲ್ಲ ಕಿರುಚಿದ್ದಳಲ್ಲ, ಈಗ ಗಂಟಲಲ್ಲಿ ಏನೂ ಉಳಿದಿರಲಿಲ್ಲ. ಗಂಡನ ತುಟಿ ನೀಲಿಯಾಗುತ್ತಿರುವುದನ್ನು ನೋಡುತ್ತ, ಕೈಯಲ್ಲಿದ್ದ ಅರೆಹೆಣೆದ ಟೋಪಿಯನ್ನು ಹಾಗೇ ಹಿಂಡಿದಳು.

ಕ್ವೆಂಕಾದ ಆಸ್ಪತ್ರೆಯವರು ಮೂಗಿಗೆ ಆಮ್ಲಜನಕ ಕಟ್ಟಿ, ಸೂಜಿ ಚುಚ್ಚಿ, ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಹೋದ ಬಸ್ಸಿನಲ್ಲೇ ವಾಪಸು ಬರುವಾಗ ಎದುವಿಹೆಸ್ ಡ್ರೈವರಿಗೆ ಹೆದರುವುದನ್ನು ಮರೆತಿದ್ದಳು. ಒಂದು ಮನುಷ್ಯ ದೇಹದಲ್ಲಿ ಹೆದರಿಕೆಗೆ ಇರುವ ಜಾಗ ಅಷ್ಟೇ. ಅದನ್ನೆಲ್ಲ ಈಗ ಪಕ್ಕದಲ್ಲಿ ಕೂತು ಸೀಟಿ ಊದಿದಂತೆ ಉಸಿರಾಡುತ್ತಿದ್ದ ಗಂಡನೇ ತುಂಬಿಕೊಂಡಿದ್ದರು.

ನಮ್ಮೂರ ಆರೋಗ್ಯ ಕೇಂದ್ರದಲ್ಲಿ ಆಗ ಮಾರ್ಯೋರಿ ಕಿಮಿಸ್ ಎಂಬ ವೈದ್ಯೆ ಇದ್ದರು. ಕರಾವಳಿಯ ಹುಡುಗಿ, ಓದು ಮುಗಿಸಿದವರು ಒಂದು ವರ್ಷ ಹಳ್ಳಿಯಲ್ಲಿ ಕೆಲಸ ಮಾಡಬೇಕೆಂಬ ನಿಯಮದ ಮೇಲೆ ಬಂದವರು. ಚಳಿಗೆ ಎರಡು ಪೊಂಚೊ ಕಂಬಳಿ ಹೊದ್ದುಕೊಂಡು, ಕರಾವಳಿಯವರ ವೇಗದಲ್ಲಿ ಮಾತಾಡುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ದೋನ್ ಅಬ್ದೋನರ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ಡಾಕ್ಟರಮ್ಮ, ಇವರು ಸಾಯ್ತಾರಾ?” ಎಂದಳು ಎದುವಿಹೆಸ್.

“ನಾನಿಲ್ಲೇ ಇದೀನಿ ಕಣೇ, ನನ್ನೇ ಕೇಳು,” ಎಂದರು ದೋನ್ ಅಬ್ದೋನ್. ದನಿ ಪಿಸುಗುಟ್ಟುವಷ್ಟೇ ಇತ್ತು, ಗತ್ತು ಮಾತ್ರ ಮೊದಲಿನಷ್ಟೇ.

ವೈದ್ಯೆ ಹಾಸಿಗೆಯ ಅಂಚಿನಲ್ಲಿ ಕೂತರು. “ನೋಡಮ್ಮ, ಉಸಿರು ಹೋಗೋ ಕೊಳವೆ ಒಳಗೆ ಒಂದು ತೆಳ್ಳನೆ ಚರ್ಮ ಇರುತ್ತೆ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕೂದಲು. ಅವೆಲ್ಲ ಒಂದೇ ದಿಕ್ಕಿಗೆ ಅಲ್ಲಾಡ್ತಾ ಧೂಳು, ಕಫ ಎಲ್ಲಾನೂ ಮೇಲಕ್ಕೆ ಗುಡಿಸ್ತಾನೇ ಇರುತ್ತೆ. ಗಂಧಕದ ಹೊಗೆ ಒಳಗಿನ ಪಸೆ ಜೊತೆ ಸೇರಿದ್ರೆ ಆಸಿಡ್. ಇವರ ಚರ್ಮ ಅಲ್ಲಲ್ಲಿ ಸುಟ್ಟು ಎದ್ದಿದೆ. ಗುಡಿಸೋರು ಯಾರೂ ಇಲ್ಲ ಈಗ.”

“ಪಿಂಗಾಣಿ?” ಎಂದರು ರೋಗಿ.

“ಯಾವ ಪಿಂಗಾಣಿ?”

“ಏನಿಲ್ಲ,” ಎಂದು ಅವರು ಗೋಡೆಯ ಕಡೆ ತಿರುಗಿದರು.

“ಚರ್ಮ ಮತ್ತೆ ಬರುತ್ತಾ?” ಎದುವಿಹೆಸ್ ಬಿಡಲಿಲ್ಲ.

“ಬರುತ್ತೆ. ಗುಡ್ಡ ಜರಿದು ಬೋಳಾದ ಜಾಗ ನೋಡಿದೀರಲ್ಲ? ಮೊದಲು ಅಂಚಿನಿಂದ ಗರಿಕೆ ಹಬ್ಕೊಂಡು ಬಂದು ಮಣ್ಣು ಮುಚ್ಚುತ್ತೆ. ಇಲ್ಲೂ ಹಂಗೇ. ಗಾಯದ ಬುಡದಲ್ಲಿ, ಅಂಚಿನಲ್ಲಿ ಉಳಿದಿರೋ ಜೀವಕೋಶಗಳು ಚಪ್ಪಟೆಯಾಗಿ, ಮೈ ಚಾಚಿ, ತೆವಳ್ಕೊಂಡು ಬಂದು ಮೊದಲು ಬೋಳು ಜಾಗ ಮುಚ್ತವೆ. ಬರೀ ಮುಚ್ಚೋದು ಅಷ್ಟೇ. ಆಮೇಲೆ ಒಂದು ಎರಡಾಗಿ, ಎರಡು ನಾಲ್ಕಾಗಿ ದಪ್ಪ ಆಗ್ತವೆ. ಕೂದಲು ಹುಟ್ಟೋದು ಕಟ್ಟಕಡೆಗೆ, ವಾರಗಟ್ಲೆ ಆದ್ಮೇಲೆ. ಆದ್ರೆ ಎಳೇ ಗರಿಕೆ ಮೇಲೆ ಹಸು ಓಡಿಸಿದ್ರೆ ಏನಾಗುತ್ತೆ?”

“ಕಿತ್ತು ಬರುತ್ತೆ.”

“ಹಾಂ. ಅದಕ್ಕೇ ಹೊಗೆ ಬೇಡ. ಗಂಧಕ ಬೇಡ, ಒಲೆ ಹೊಗೆ ಬೇಡ, ಸುರುಟು ಬೇಡ, ಧೂಪ ಬೇಡ. ಮೇಲಿಂದ ಮೇಲೆ ಕಿತ್ತು ಬಂದ್ರೆ ಆಮೇಲೆ ಅಲ್ಲಿ ಚರ್ಮ ಬರಲ್ಲ, ಗಟ್ಟಿ ಕಲೆ ಕಟ್ಟುತ್ತೆ. ಕೊಳವೆ ಇಕ್ಕಟ್ಟಾಗುತ್ತೆ. ಅದನ್ನ ನಾನೂ ಬಿಡಿಸಕ್ಕಾಗಲ್ಲ, ಕ್ವೆಂಕಾದವರೂ ಬಿಡಿಸಕ್ಕಾಗಲ್ಲ.”

“ನನ್ನೆದೆ ಹುಲ್ಲುಗಾವಲು ಅಂತಿದಾಳೆ ಈ ಹುಡುಗಿ,” ಎಂದು ದೋನ್ ಅಬ್ದೋನ್ ಗೋಡೆಗೆ ದೂರು ಹೇಳಿದರು.

ಹೋಗುವ ಮುನ್ನ ವೈದ್ಯೆ ಎದುವಿಹೆಸಳಿಗೆ ಒಂದು ವಿದ್ಯೆ ಕಲಿಸಿದರು. ಸುಟ್ಟ ಚರ್ಮ ಕಳಚಿ ಎಲ್ಲಾದರೂ ಅಡ್ಡ ಸಿಕ್ಕಿಕೊಂಡರೆ, ರೋಗಿಯನ್ನು ಹಾಸಿಗೆಯ ಅಂಚಿಗೆ ಬೋರಲು ಹಾಕಿ, ತಲೆ ಕೆಳಗೆ ಮಾಡಿ, ಅಂಗೈ ಗುಳಿ ಮಾಡಿಕೊಂಡು ಬೆನ್ನಿಗೆ ಬಡಿಯಬೇಕು. ಎದುವಿಹೆಸ್ ಅದನ್ನು ಒಂದು ದಿಂಬಿನ ಮೇಲೆ ಅಭ್ಯಾಸ ಮಾಡಿದಳು. ದಿಂಬಿನ ಬಗ್ಗೆ ದೋನ್ ಅಬ್ದೋನರಿಗೆ ಬಹಳ ಮರುಕವಾಯಿತು.

ಆ ದಿನದಿಂದ ಆ ಮನೆಯ ಹೊಗೆಯೆಲ್ಲ ಗಡೀಪಾರಾಯಿತು. ಜೋಳ ಬೇಯುವುದು ಪಕ್ಕದ ಮನೆಯಲ್ಲಿ, ಅಡುಗೆಮನೆಯಲ್ಲಿ ಸಾಕಿದ್ದ ಗಿನಿಹಂದಿಗಳನ್ನು ಊಟಕ್ಕೆ ಸುಡುವುದು ಸದ್ಯಕ್ಕೆ ರದ್ದು. ಹುರಿದ ಬಾರ್ಲಿ ಹಿಟ್ಟನ್ನು ಸಹ ಆಕೆ ಕಪಾಟಿಗೆ ಹಾಕಿ ಬೀಗ ಜಡಿದಳು. ತಿನ್ನುವಾಗ ನಕ್ಕರೆ ಹಿಟ್ಟು ಒಳಗೆ ಹಾರುತ್ತದೆ. ತಿನ್ನುವಾಗ ತಾನು ನಗುವುದಿಲ್ಲ ಎಂದು ಅವರು ಮಾತು ಕೊಟ್ಟರೂ ಆಕೆ ನಂಬಲಿಲ್ಲ. ಸಾಂಬ್ರಾಣಿಯ ಹೆದರಿಕೆಗೆ ಪಾದ್ರಿಗಳನ್ನೂ ಹೊಸ್ತಿಲ ಹೊರಗೇ ನಿಲ್ಲಿಸಿ ಮಾತಾಡಿಸಿ ಕಳಿಸಿದಳು. ಮಂಚದ ಪಕ್ಕದಲ್ಲಿ ಟೋಪಿ ಹೆಣೆಯುತ್ತ, ಒಂದೊಂದು ಉಸಿರನ್ನೂ ಕಿವಿಗೊಟ್ಟು ಕೇಳುತ್ತಿದ್ದಳು. ಕೆಮ್ಮಿದರೆ ಹೆದರಿಕೆ, ಕೆಮ್ಮದಿದ್ದರೆ ಇನ್ನೂ ಹೆದರಿಕೆ.

ಇದಕ್ಕಿಂತ ದೊಡ್ಡ ಹೆದರಿಕೆಯೊಂದನ್ನು ಆಕೆ ಯಾರಿಗೂ ಹೇಳಿರಲಿಲ್ಲ. ಗಂಡ ಪೆಟ್ಟಿಗೆಯಿಂದ ಬಿದ್ದು ಬಂದಾಗ ಬೆಚ್ಚಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಬೆಚ್ಚಿದವನ ಜೀವ ಬೆಚ್ಚಿದ ಜಾಗದಲ್ಲೇ ಉಳಿದುಬಿಡುತ್ತದೆ. ಅದನ್ನು ಕರೆದು ತಾರದಿದ್ದರೆ ಮೈ ದಿನೇದಿನೇ ಒಣಗಿ ಮನುಷ್ಯ ಸಾಯುತ್ತಾನೆ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ. ಬೆಚ್ಚು ತೆಗೆಯಬೇಕಾದರೆ ಸೊಪ್ಪಿನಲ್ಲಿ ಮೈ ನೀವಿ, ಬಾಯಿತುಂಬ ಕಬ್ಬಿನ ಸಾರಾಯಿ ತುಂಬಿಕೊಂಡು ಮುಖಕ್ಕೆ ಉಗುಳಿ, ಸುರುಟಿನ ಹೊಗೆಯನ್ನು ತಲೆಯಿಂದ ಕಾಲಿನವರೆಗೆ ಊದಬೇಕು. ಹೊಗೆ ಊದಿದರೆ ಚರ್ಮ ಕಿತ್ತು ಸಾಯುತ್ತಾನೆ, ಊದದಿದ್ದರೆ ಜೀವವಿಲ್ಲದೆ ಸಾಯುತ್ತಾನೆ. ಇವೆರಡರ ನಡುವೆ ಆಕೆ ಕೂತಿದ್ದಳು. ದೋನ್ ಅಬ್ದೋನರು ಸೊರಗುತ್ತಲೂ ಇದ್ದರು.

ಶುಕ್ರವಾರ, ಅಂದರೆ ಬೆಚ್ಚು ತೆಗೆಯುವ ವಾರದಂದು, ದೋನ್ಯಾ ತ್ರಾನ್ಸಿತೊ ಬಂದರು. ದೋನ್ ಅಬ್ದೋನರ ಅಕ್ಕ. ಸುತ್ತಲ ಹಳ್ಳಿಗಳ ಬೆಚ್ಚನ್ನೆಲ್ಲ ತೆಗೆಯುವವರು. ಕಂಕುಳಲ್ಲಿ ಸೊಪ್ಪಿನ ಕಂತೆ, ಕೈಯಲ್ಲಿ ಸೀಸೆ, ಕಿವಿಯ ಮೇಲೆ ಸುರುಟು. ಹಿಂದೆ ಅರ್ಧ ಬೀದಿ.

“ಸರಿ ಆಕಡೆ, ಎದುವಿಹೆಸ್. ನನ್ನ ತಮ್ಮ ಒಣಗಿ ಕಡ್ಡಿ ಆಗೋವರೆಗೆ ಕಾಯ್ತಿದ್ಯಾ?”

“ಅತ್ತಿಗೆ, ಸೊಪ್ಪು ಹಾಕಿ. ಮೊಟ್ಟೆ ನೀವಾಳಿಸಿ. ಹೊಗೆ ಮಾತ್ರ ಬೇಡ.”

“ಹೊಗೆ ಇಲ್ದೆ ಬೆಚ್ಚು ತೆಗೀಬೇಕಾ? ಉಪ್ಪಿಲ್ದೆ ಸಾರು ಮಾಡು ಅಂದಂಗಾಯ್ತು. ಯಾರು ಹೇಳ್ಕೊಟ್ಟಿದ್ದು? ಆ ಕರಾವಳಿ ಹುಡುಗೀನಾ? ಮೀನು ತಿನ್ನೋರಿಗೆ ಬೆಟ್ಟದ ಬೆಚ್ಚು ಏನು ಗೊತ್ತೇ?”

“ಒಳಗೆ ಎಳೇ ಚರ್ಮ ಬರ್ತಿದೆ ಅತ್ತಿಗೆ. ಗರಿಕೆ ಥರ.”

“ಕೇಳಿದ್ರೇನ್ರೇ? ಗರಿಕೆಯಂತೆ! ಇನ್ನು ಸ್ವಲ್ಪ ದಿನಕ್ಕೆ ನನ್ನ ತಮ್ಮನ ಮೂಗಲ್ಲಿ ಹಸು ಮೇಯುತ್ತೆ.”

ಬೀದಿ ನಕ್ಕಿತು. ಎದುವಿಹೆಸ್ ಹೊಸ್ತಿಲಿಗೆ ಅಡ್ಡ ನಿಂತೇ ಇದ್ದಳು. ಹುಟ್ಟಿದಾಗಿನಿಂದ ಆಕೆ ಯಾರಿಗೂ ಎದುರಾಡಿದವಳಲ್ಲ. ಅದರಲ್ಲೂ ಈ ಅತ್ತಿಗೆಗೆ ಗೂಬೆಗಿಂತ ಹೆಚ್ಚು ಹೆದರುತ್ತಿದ್ದವಳು. ದೋನ್ಯಾ ತ್ರಾನ್ಸಿತೊ ಸುರುಟು ಹಚ್ಚಿಯೇಬಿಟ್ಟರು. ಅದರ ಮೊದಲ ಎಳೆ ಹೊಗೆ ಹೊಸ್ತಿಲು ದಾಟುವುದನ್ನು ಕಂಡದ್ದೇ ಎದುವಿಹೆಸಳ ಬಾಯಿಂದ ಮಾತು ತಾನಾಗಿ ಬಂತು.

“ಅತ್ತಿಗೆ, ಅವರ ಜೀವ ಇಲ್ಲೆಲ್ಲಿದೆ? ಪೆಟ್ಟಿಗೆ ಒಳಗಲ್ವಾ ಬಿಟ್ಟು ಬಂದಿರೋದು? ಇಲ್ಲಿ ಊದಿದ್ರೆ ಯಾರಿಗೆ ಊದಿದಂಗಾಯ್ತು? ತಗೊಳ್ಳಿ ಅವರ ಪೊಂಚೊ. ಅಲ್ಲೇ ಹೋಗಿ ಅದಕ್ಕೇ ಊದಿ, ಹೆಸರು ಹಿಡಿದು ಕರೀರಿ.”

ದೋನ್ಯಾ ತ್ರಾನ್ಸಿತೊ ಸುರುಟನ್ನು ಬಾಯಿಂದ ತೆಗೆದರು. ಶಾಸ್ತ್ರದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಬಟ್ಟೆ ಹಿಡಿದು ಬೆಚ್ಚಿದ ಜಾಗದಲ್ಲೇ ಕರೆಯುವುದು ಇನ್ನೂ ಹಳೆಯ ಪದ್ಧತಿ.

“ನಾನೂ ಅದನ್ನೇ ಹೇಳೋಣ ಅಂತಿದ್ದೆ,” ಎಂದು ಪೊಂಚೊ ಕಿತ್ತುಕೊಂಡು ಹಿತ್ತಲ ಕೊಠಡಿಗೆ ನಡೆದರು. ಅವರ ಹಿಂದೆ ಬೀದಿಯೂ ನಡೆಯಿತು. ಎದುವಿಹೆಸ್ ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದಳು.

ತಿರುಗಿ ನೋಡಿದರೆ ಗಂಡ ಎದ್ದು ಕೂತಿದ್ದರು. ಕೈ ಗಂಟಲ ಮೇಲೆ. ಕೆಮ್ಮಲು ನೋಡುತ್ತಿದ್ದರು, ಕೆಮ್ಮು ಬರುತ್ತಿರಲಿಲ್ಲ. ಎದೆ ಮೇಲೇಳುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಸೀಟಿಯ ಶಬ್ದವೂ ನಿಂತಿತು. ಆ ಮೌನಕ್ಕೆ ಹೆದರಿಯೇ ಆಕೆ ಅಷ್ಟು ದಿನ ಕಿವಿಗೊಟ್ಟು ಕೂತಿದ್ದು, ಈಗ ಅದು ಬಂದೇಬಿಟ್ಟಿತ್ತು.

ಹಿತ್ತಲಿನಿಂದ ದೋನ್ಯಾ ತ್ರಾನ್ಸಿತೊ ದೊಡ್ಡ ದನಿಯಲ್ಲಿ ಕರೆಯುತ್ತಿದ್ದರು: “ಅಬ್ದೋನಾ! ಎದ್ದು ಬಾರೋ! ಮನೆಗೆ ಹೋಗಣ ಬಾರೋ!” ಬೀದಿಯೆಲ್ಲ ದನಿಗೂಡಿಸುತ್ತಿತ್ತು: “ಬಾರೋ ಅಬ್ದೋನಾ!”

ಆ ಗದ್ದಲದಲ್ಲಿ ಇವಳು ಕೂಗಿದರೂ ಯಾರಿಗೂ ಕೇಳುವಂತಿರಲಿಲ್ಲ. ಗಂಡನ ಕಣ್ಣು ಇವಳ ಮೇಲೇ ಇತ್ತು. ಅದರಲ್ಲಿ ಗತ್ತು ಒಂದಿಷ್ಟೂ ಉಳಿದಿರಲಿಲ್ಲ. ಅದನ್ನು ಕಂಡೇ ಆಕೆಗೆ ಹೆಚ್ಚು ದಿಗಿಲಾಯಿತು. ಹೆಗಲಿಗೆ ಕೈಹಾಕಿ ಅವರನ್ನು ಮಂಚದ ಅಂಚಿಗೆ ಬೋರಲು ಎಳೆದಳು. ತಲೆ ಕೆಳಗೆ ಜೋತುಬಿತ್ತು. ಅಂಗೈ ಗುಳಿ ಮಾಡಿ ಬೆನ್ನಿಗೆ ಬಡಿದಳು. ಏನೂ ಆಗಲಿಲ್ಲ. ಮತ್ತೆ ಬಡಿದಳು. ದಿಂಬಿಗೆ ಬಡಿದಂತಲ್ಲ ಇದು. ಮೂಳೆ ಕೈಗೆ ಸಿಗುತ್ತಿತ್ತು. “ಬಾರೋ ಅಬ್ದೋನಾ,” ಎಂದು ಹಿತ್ತಲು ಕೂಗುತ್ತಿತ್ತು. “ಬನ್ರೀ... ಬನ್ರೀ...” ಎಂದು ಇವಳೂ ಅಳುತ್ತ ಬಡಿಯುತ್ತಿದ್ದಳು. ಅವರ ಕಿವಿ ಕಪ್ಪಿಟ್ಟಿತು. ಕೈ ನೆಲ ತಡಕುತ್ತಿದ್ದುದು ನಿಂತಿತು. ಬೆನ್ನಿನ ಮೇಲೆ ಮೈಭಾರ ಬಿಟ್ಟು ಆಕೆ ಇನ್ನೊಂದು ಏಟು ಹಾಕಿದಳು.

ಏನೋ ನೆಲಕ್ಕೆ ಬಿತ್ತು. ಆಮೇಲೆ ಗಾಳಿ ಒಳಗೆ ನುಗ್ಗುವ ಶಬ್ದ, ಹರಿದ ಬಟ್ಟೆಯ ಶಬ್ದದಂತೆ.

ನೆಲದ ಮೇಲೆ ಬಿದ್ದದ್ದು ಬೆಂದ ಮೊಟ್ಟೆಯ ಸಿಪ್ಪೆಯೊಳಗಿನ ಪೊರೆಯಂಥದ್ದು, ಬೆಳ್ಳಗೆ, ಸುರುಳಿ ಸುತ್ತಿಕೊಂಡಿತ್ತು. ಗಂಡನ ಶ್ವಾಸಕೋಶವೇ ಕಿತ್ತು ಬಂತೆಂದು ಎದುವಿಹೆಸ್ ತಿಳಿದಳು. ಉಸಿರಾಡುತ್ತಿದ್ದವರನ್ನು ಬಾಗಿಲು ತೆರೆದು ಬಂದ ಅತ್ತಿಗೆಗೆ ಒಪ್ಪಿಸಿ, ಆ ಪೊರೆಯನ್ನು ಜೋಳದ ಸಿಪ್ಪೆಯಲ್ಲಿ ಸುತ್ತಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿದಳು. ಬಾಗಿಲ ಬಳಿ ನಿಂತು, “ಡಾಕ್ಟರಮ್ಮ, ಇದನ್ನ ವಾಪಸ್ ಒಳಗೆ ಇಡಕ್ಕಾಗುತ್ತಾ?” ಎಂದಳು.

ವೈದ್ಯೆ ಅದನ್ನು ಬಿಡಿಸಿ ನೋಡಿದರು. ನಗಲಿಲ್ಲ. “ಇದು ಸತ್ತ ಚರ್ಮ ಅಮ್ಮ. ಕೊಳವೆಗೆ ಅಡ್ಡ ನಿಂತಿತ್ತು. ಕೆಳಗೆ ಹೊಸದು ಬರ್ತಿರೋದಕ್ಕೆ ಇದು ಕಳಚ್ಕೊಂಡಿದ್ದು. ನೀವು ಬಡೀದೆ ಇದ್ದಿದ್ರೆ...” ಎಂದವರು ಮಾತು ಅಲ್ಲಿಗೇ ಬಿಟ್ಟು ಪೊಂಚೊ ಹೊದ್ದು ಅವಳೊಂದಿಗೆ ಹೊರಟರು. ಆ ಮಾತಿನ ಉಳಿದರ್ಧವನ್ನು ಎದುವಿಹೆಸ್ ಇಡೀ ದಾರಿ ತಾನೇ ಮನಸ್ಸಿನಲ್ಲಿ ಹೇಳಿಕೊಂಡಳು.

ಮನೆಯಲ್ಲಿ ದೋನ್ಯಾ ತ್ರಾನ್ಸಿತೊ ಜನರಿಗೆ ವಿವರಿಸುತ್ತಿದ್ದರು: “ನೋಡಿದ್ರಾ? ಮೂರನೇ ಕೂಗಿಗೆ ಜೀವ ಓಡಿ ಬಂತು.” ಯಾರೂ ಎದುರಾಡಲಿಲ್ಲ. ಎದುವಿಹೆಸಳೂ ಆಡಲಿಲ್ಲ, ವೈದ್ಯೆಯ ಕಡೆಯಿಂದಲೂ ಅತ್ತಿಗೆಯ ಕಡೆಯಿಂದಲೂ ರಕ್ಷಣೆ ಇರಲಿ ಎಂದು ಆಕೆಗೆ ಅನ್ನಿಸಿತ್ತು. ಹೊಗೆ ಹಿಡಿದ ಪೊಂಚೊವನ್ನು ಗಂಡನ ಮೈಗೆ ಹೊದಿಸಲು ಮಾತ್ರ ಬಿಡದೆ, “ಬೆಚ್ಚು ನದೀಲಿ ತೊಳ್ಕೊಂಡು ಹೋಗ್ಲಿ ಅತ್ತಿಗೆ,” ಎಂದು ನೀರಿಗೆ ಒಯ್ದಳು.

ವಾರಗಳು ಕಳೆದವು. ಸೀಟಿ ಸಣ್ಣಗಾಯಿತು. ದೋನ್ ಅಬ್ದೋನರಿಗೆ ದನಿ ಬಂತು, ದನಿಯ ಜೊತೆ ಉಪನ್ಯಾಸವೂ ಬಂತು. ಪೆಟ್ಟಿಗೆಯೊಳಗೆ ತಾವು ಅಧ್ಯಕ್ಷರ ಮರ್ಯಾದೆ ಕಾಪಾಡಿದ ಕಥೆ ಪ್ರತಿ ಸಲ ಹೇಳುವಾಗಲೂ ಉದ್ದವಾಗುತ್ತಿತ್ತು. ಆಮೇಲೆ ಬೆಳಗಿನ ಹೊತ್ತು ಕಫದ ಕೆಮ್ಮು ಶುರುವಾಯಿತು. ಎದುವಿಹೆಸ್ ಮತ್ತೆ ಓಡಿದಳು. ವೈದ್ಯೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಈ ಸಲ ನಕ್ಕರು.

“ಒಳ್ಳೇ ಕೆಮ್ಮು ಇದು. ಕೂದಲು ಹುಟ್ಟಿರಬೇಕು, ಗುಡಿಸಕ್ಕೆ ಶುರು ಮಾಡಿದಾವೆ. ಆದ್ರೆ ಹೊಸಾ ಚರ್ಮ ಹೊಸದೇ ದೋನ್ ಅಬ್ದೋನ್. ಆ ಪೆಟ್ಟಿಗೆ ಒಳಗೆ ಇನ್ಯಾವತ್ತೂ ಕಾಲಿಡಬೇಡಿ.”

“ಒಂದೇ ಒಂದ್ಸಲ. ಟೋಪಿ ತಿರುಗಿಸಿ ಬಂದ್ಬಿಡ್ತೀನಿ.”

“ಇಲ್ಲ.”

“ಅರ್ಧ ಪ್ರಾರ್ಥನೆ.”

ವೈದ್ಯೆ ಎದುವಿಹೆಸಳ ಮುಖ ನೋಡಿದರು. ಎದುವಿಹೆಸ್ ಗಂಡನ ಮುಖ ನೋಡಿದಳು. ಅಲ್ಲಿ ಗತ್ತು ಪೂರ್ತಿಯಾಗಿ ವಾಪಸು ಬಂದು ಕೂತಿತ್ತು. ಕೈಯ ಟೋಪಿಯ ಮೇಲೆ ಬೆರಳು ಓಡತೊಡಗಿದವು.

ಮುಂದಿನ ಭಾನುವಾರ ದೋನ್ ಅಬ್ದೋನರು ಅಧ್ಯಕ್ಷರ ಮನೆಗೆ ಹೋದರು, ಕಥೆ ಹೇಳಲು. ವಾಪಸು ಬಂದವರು ಸೀದಾ ಹಿತ್ತಲಿಗೆ ನಡೆದರು. ಕೊಠಡಿಯ ಗೋಡೆಯಲ್ಲಿ ಹೊಸ ಕಿಟಕಿಯೊಂದು ಬಾಯಿ ತೆರೆದಿತ್ತು. ಪೆಟ್ಟಿಗೆ ಅಂಗಾತ ಮಲಗಿತ್ತು, ಬಾಗಿಲು ಕಿತ್ತಿತ್ತು, ನೀರು ಹೊಯ್ದು ಉಜ್ಜಿದ ಗುರುತು ಇನ್ನೂ ಆರಿರಲಿಲ್ಲ. ಒಳಗೆ ಹಸಿ ಹುಲ್ಲಿನ ಮೇಲೆ ಮನೆಯ ಗಿನಿಹಂದಿಗಳೆಲ್ಲ ಸಂಸಾರ ಸಮೇತ ಕೂತು ಮೆಲ್ಲುತ್ತಿದ್ದವು. ಒಂದು ತಾಯಿ ಅದಾಗಲೇ ಮೂಲೆಯಲ್ಲಿ ಮರಿ ಹಾಕಿತ್ತು.

“ಏನೇ ಇದು?”

“ಅಡುಗೆಮನೇಲಿ ಮರಿಗಳು ಕಾಲಿಗೆ ಸಿಕ್ಕಿ ಸಾಯ್ತಿದ್ವು ರೀ. ಹೆದರಿಕೆ ಆಯ್ತು.”

“ಮತ್ತೆ ಟೋಪಿ?”

“ನೀವು ಕಟ್ಟೆ ಮೇಲೆ ಕೂತು ಹೇಳಿ, ಬೇರೆಯವರು ಅವರ ಪೆಟ್ಟಿಗೇಲಿ ಮಾಡ್ಲಿ. ನಿಮ್ಮಷ್ಟು ಚೆನ್ನಾಗಿ ಹೇಳೋರು ಯಾರಿದಾರೆ?”

ದೋನ್ ಅಬ್ದೋನರು ಬಾಯಿ ತೆರೆದರು. ಬೈಯಬೇಕೋ ಒಪ್ಪಬೇಕೋ ನಿರ್ಧಾರವಾಗುವ ಮೊದಲೇ ಕೆಮ್ಮು ಬಂತು. ಉದ್ದನೆಯದು, ಕಫದ್ದು, ಆಳದಿಂದ ಎದ್ದು ಬಂದದ್ದು. ಗಿನಿಹಂದಿಗಳು ಬೆಚ್ಚಿ ಮೂಲೆಗೆ ಓಡಿದವು. ಎದುವಿಹೆಸ್ ಟೋಪಿ ಹೆಣೆಯುತ್ತಿದ್ದ ಬೆರಳು ನಿಲ್ಲಿಸಿ, ತಲೆ ಒಂದು ಕಡೆ ವಾಲಿಸಿ, ಕೆಮ್ಮು ಪೂರ್ತಿ ಮುಗಿದು ಗಾಳಿ ಮತ್ತೆ ಒಳಗೆ ಹೋಗುವವರೆಗೆ ಕೇಳಿದಳು.